ಸಿದ್ದಕ್ಕ ಕಟ್ಟಿದ ಕಾಲು

ಸಿದ್ದಕ್ಕನಿಗೆ ಹದಿನಾಲ್ಕು ತಿಂಗಳ ಪಗಾರ ಬರಬೇಕಿದೆ. ತಿಂಗಳಿಗೆ ಎಂಟೂವರೆ ಸಾವಿರ. ಕಸ ಹೊಡೆದದ್ದಕ್ಕೆ, ಸಗಣಿ ಬಳಿದದ್ದಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಕಚ್ಚುವ ನಾಯಿಗಳನ್ನು ಮೇಜಿನ ಮೇಲೆ ಅಲುಗಾಡದಂತೆ ಹಿಡಿದದ್ದಕ್ಕೆ. ಕಾಗದದಲ್ಲಿ ಆಕೆಯ ಹುದ್ದೆಯ ಹೆಸರು ‘ಹೊರಗುತ್ತಿಗೆ ಸ್ವಚ್ಛತಾ ಸಿಬ್ಬಂದಿ’. ನಾಯಿ ಹಿಡಿಯುವ ಮಾತು ಆ ಕಾಗದದಲ್ಲಿ ಎಲ್ಲೂ ಇಲ್ಲ. ಆದರೆ ಆಕೆ ಹಿಡಿಯದಿದ್ದರೆ ಆ ದನದ ದವಾಖಾನೆಯಲ್ಲಿ ಒಂದು ಇಂಜೆಕ್ಷನ್ನೂ ಆಗುವುದಿಲ್ಲ.

ದವಾಖಾನೆ ಯಾವ ಊರಿನದು ಎಂದು ಹೇಳಿದರೆ ಆಕೆಗೆ ಇರುವ ಕೆಲಸವೂ ಹೋಗುತ್ತದೆ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ, ಈ ಊರುಗಳ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. ಹಂಚಿನ ಹಳೆ ಕಟ್ಟಡ, ಮುಂದೆ ಒಂದು ಬೇವಿನ ಗಿಡ, ಹಿಂದೆ ಸಿದ್ದಕ್ಕನ ಬಾಡಿಗೆ ಖೋಲಿ. ಗಂಡ ತೀರಿ ಹದಿನಾರು ವರ್ಷ. ಮಕ್ಕಳಿಲ್ಲ. ವಯಸ್ಸು ಐವತ್ತೆರಡು. ಬೀರಪ್ಪನ ಒಕ್ಕಲು, ಕುರಿಯ ಹಿಂಡಿನ ಹಿಂದೆ ನಡೆದೇ ದೊಡ್ಡವಳಾದವಳು. ಗಂಡ ಸತ್ತ ಮೇಲೆ ಹಿಂಡು ಬಿಟ್ಟು ಊರು ಸೇರಿ, ಐದು ವರ್ಷ ಕಬ್ಬು ಕಡಿದು, ಆಮೇಲೆ ಪೊರಕೆ ಹಿಡಿದಳು. ಆ ಪೊರಕೆಗೆ ಈಗ ಹನ್ನೊಂದು ವರ್ಷ.

ಆಕೆಯ ಕೈಗಳನ್ನು ನೋಡಬೇಕು. ಎಡ ಹೆಬ್ಬೆರಳಿಗೆ ಉಗುರಿಲ್ಲ. ಒಂದು ಹುಚ್ಚೆದ್ದ ಡಾಬರ್‌ಮನ್ ಅದನ್ನು ಒಯ್ದಿದೆ. ಬಲ ಮುಂಗೈ ಮೇಲೆ ನಾಲ್ಕು ಹಲ್ಲಿನ ಗುರುತು. ಎಡಗೈಯನ್ನು ನಾಯಿಯ ಕುತ್ತಿಗೆಗೆ ಬಳಸಿ, ಬಲಗೈಯನ್ನು ಹೊಟ್ಟೆಯ ಕೆಳಗಿಂದ ದಾಟಿಸಿ ಆಚೆಯ ಮುಂಗಾಲು ಹಿಡಿದು, ತನ್ನ ಗದ್ದವನ್ನು ಅದರ ಭುಜಕ್ಕೆ ಒತ್ತಿದಳೆಂದರೆ ಮುಗಿಯಿತು. ಬಾಯಿ ಮಾತ್ರ ಸುಮ್ಮನಿರುವುದಿಲ್ಲ. “ಸುಮ್ಕಿರಲೇ ಭಾಡ್ಯಾ, ನಿನಗೇನು ಲಗ್ನಕ್ಕ ಹೊತ್ತಾಗೇತೇನು?” ಎಂದು ಕಿವಿಯಲ್ಲಿ ಬಯ್ಯುತ್ತಲೇ ಇರುತ್ತಾಳೆ. ಆ ಬೈಗುಳ ಕೇಳುತ್ತ ಕೇಳುತ್ತ ನಾಯಿಯ ಎದೆಬಡಿತ ಇಳಿಯುತ್ತದೆ.

ದವಾಖಾನೆಯ ಪಡಸಾಲೆಯಲ್ಲಿ ಒಂದು ದೊಡ್ಡ ಕಟ್ಟಿಗೆಯ ಪೆಟ್ಟಿಗೆ ಇದೆ. ಮೂರು ವರ್ಷದ ಹಿಂದೆ ಲಾರಿಯಿಂದ ಇಳಿದದ್ದು. ಒಳಗಿರುವುದು ಎಕ್ಸ್‌ರೇ ಯಂತ್ರ. ಅದನ್ನು ಇಡಲು ಬೇರೆ ಕೋಣೆ ಮಂಜೂರಾಗಬೇಕು, ನಡೆಸಲು ಒಬ್ಬ ಆಪರೇಟರ್ ಹುದ್ದೆ ಮಂಜೂರಾಗಬೇಕು. ಕೋಣೆಯ ಕಡತ ಒಂದು ಕಚೇರಿಯಲ್ಲಿದೆ, ಹುದ್ದೆಯ ಕಡತ ಇನ್ನೊಂದರಲ್ಲಿ. ಪೆಟ್ಟಿಗೆಯ ಮೊಳೆ ಇನ್ನೂ ಕಿತ್ತಿಲ್ಲ. ಕಂಪೌಂಡರ್ ಅಪ್ಪಾಸಾಬ ದಿನವೂ ಅದರ ಮೇಲೆ ಪೇಪರು ಹಾಸಿಕೊಂಡು ರೊಟ್ಟಿ ತಿನ್ನುತ್ತಾನೆ.

“ಇಷ್ಟ ತುಟ್ಟಿ ಊಟದ ಮೇಜ ಜಮಖಂಡಿ ರಾಜರ ವಾಡೇದಾಗೂ ಇರಲಿಲ್ಲ ಬಿಡ, ಸಿದ್ದಕ್ಕಾ” ಎನ್ನುತ್ತಾನೆ.

“ಉಂಡ ಮ್ಯಾಲ ಒರೆಸ್ರಿ ಸಾಹೇಬ್ರ. ಇರವಿ ಹತ್ತತಾವ” ಎನ್ನುತ್ತಾಳೆ ಸಿದ್ದಕ್ಕ.

ಡಾಕ್ಟರು ಸಂಧ್ಯಾ ಇಲ್ಲಿಗೆ ಬಂದು ನಾಲ್ಕು ವರ್ಷ. ಮುರಿದ ಎಲುಬಿಗೆ ಸ್ಟೀಲಿನ ಪಟ್ಟಿ ಕೂರಿಸಿ ಸ್ಕ್ರೂ ಬಿಗಿಯುವುದನ್ನು ಓದಿ ಬಂದವರು. ಓದಿದ್ದನ್ನು ಇಲ್ಲಿ ಒಮ್ಮೆಯೂ ಮಾಡಿಲ್ಲ. ಒಳಗೆ ಎಲುಬು ಎಲ್ಲಿ ಸೀಳಿದೆ, ಯಾವ ಕಡೆ ವಾಲಿದೆ ಎಂದು ಕಾಣದೆ ಡ್ರಿಲ್ ಹಚ್ಚುವುದು ಹೇಗೆ? ಅವರು ಮಾಡುವುದು ಪ್ಲಾಸ್ಟರ್ ಮಾತ್ರ. ಆಗದಿದ್ದರೆ ಬೆಳಗಾವಿಯ ದವಾಖಾನೆಗೆ ಚೀಟಿ. ಹತ್ತು ಜನಕ್ಕೆ ಚೀಟಿ ಬರೆದರೆ ಇಬ್ಬರು ಹೋಗುತ್ತಾರೆ. ಉಳಿದ ಎಂಟು ನಾಯಿಗಳು ಏನಾದವು ಎಂದು ಡಾಕ್ಟರು ಕೇಳುವುದನ್ನು ಎರಡನೆಯ ವರ್ಷಕ್ಕೇ ಬಿಟ್ಟರು.

ಆ ಎಂಟರಲ್ಲಿ ಕೆಲವು ಹಿಂಬಾಗಿಲಿಗೆ ಬರುತ್ತಿದ್ದವು. ಸಿದ್ದಕ್ಕನ ಹತ್ತಿರ.

ಎಲುಬು ಕಟ್ಟುವುದು ಸಿದ್ದಕ್ಕನಿಗೆ ಅಪ್ಪ ಸಾತಪ್ಪನಿಂದ ಬಂದದ್ದು. ಕುರಿಯ ಕಾಲು ಮುರಿದರೆ ಬೆರಳಿನಲ್ಲೇ ತಡವಿ ತುಂಡು ಸೇರಿಸಬೇಕು. ತತ್ತಿಯ ಬಿಳಿಯಲ್ಲಿ ಉದ್ದಿನ ಹಿಟ್ಟು ಕಲಸಿ ಬಳಿಯಬೇಕು. ಸುತ್ತ ನಾಲ್ಕು ಬಿದಿರಿನ ದಬ್ಬೆ ಇಟ್ಟು, ಕರಿ ಕುರಿಯ ಉಣ್ಣೆಯಿಂದ ಹೊಸೆದ ಹುರಿ ಸುತ್ತಬೇಕು. ಕಟ್ಟಿದವರು ರೊಕ್ಕ ಮುಟ್ಟುವಂತಿಲ್ಲ. ಮೂರು ಐತವಾರ, ಅಂದರೆ ಮೂರು ಭಾನುವಾರ, ದಾಟಿದ ಮೇಲೆ ಒಂದು ತೆಂಗಿನಕಾಯಿ, ಬೀರಪ್ಪನ ಮುಂದೆ ಒಡೆಯಲು, ಅಷ್ಟೇ. ಇನ್ನೊಂದು ಕಟ್ಟಳೆ ಇದಕ್ಕಿಂತ ಬಿಗಿ. ಮೂರನೆಯ ಐತವಾರದ ತನಕ ಕಟ್ಟನ್ನು ಯಾರೂ ಬಿಚ್ಚುವಂತಿಲ್ಲ, ಕಟ್ಟಿದವರೂ ಬಿಚ್ಚುವಂತಿಲ್ಲ. ನಡುವೆ ಬಿಚ್ಚಿ ನೋಡಿದರೆ ಕೈಯನ್ನು ಸಂಶಯಪಟ್ಟಂತೆ. ಸಂಶಯಪಟ್ಟ ಕೈಯಲ್ಲಿ ಗುಣ ನಿಲ್ಲುವುದಿಲ್ಲ. ದಿನವೂ ಊರೂರು ದಾಟುವ ಹಿಂಡಿನಲ್ಲಿ ಈ ಕಟ್ಟಳೆಗೆ ಅರ್ಥವಿತ್ತು. ಬಿಚ್ಚಿ ಬಿಚ್ಚಿ ನೋಡಿದರೆ ಕೂಡಿದ ಎಲುಬು ಮತ್ತೆ ಸರಿಯುತ್ತದೆ. ಕುರಿಯ ಕಾಲಿಗೆ ಉಣ್ಣೆಯಿದೆ, ದಪ್ಪ ತೊಗಲಿದೆ. ಮೂರು ವಾರ ತಡೆಯುತ್ತದೆ.

ಹಿಂಬಾಗಿಲಿನ ಈ ವಿದ್ಯೆ ಡಾಕ್ಟರಿಗೆ ಗೊತ್ತಾದದ್ದು ಅವರು ಬಂದ ಮೊದಲ ವರ್ಷವೇ.

“ಸಿದ್ದಕ್ಕಾ, ನೀ ಕಟ್ಟೂದನ್ನ ನಾ ನೋಡಿಲ್ಲ, ಕೇಳಿಲ್ಲ” ಎಂದರು ಸಂಧ್ಯಾ. “ಕುರಿ ಕಟ್ಟ, ಆಡು ಕಟ್ಟ, ಬೀದಿ ನಾಯಿ ಹಿಂಗಾಲ ಕಟ್ಟ. ಮುಧೋಳ ನಾಯಿ ಮುಂಗಾಲ ಮಾತ್ರ ಮುಟ್ಟಬ್ಯಾಡ. ಅದರಾಗ ಮಾಂಸ ಇಲ್ಲ, ರಕ್ತ ಹರಿಯೂದ ಕಡಿಮಿ. ಸ್ವಲ್ಪ ಬಿಗಿ ಆದ್ರ ಕಾಲ ಸಾಯತೈತಿ.”

“ಹೂನ್ರಿ ಬಾಯಾರ.”

ಆ ಮಾತನ್ನು ಸಿದ್ದಕ್ಕ ಸುಮಾರು ನಾಲ್ಕು ವರ್ಷ ಉಳಿಸಿಕೊಂಡಳು. ಈ ಸೀಮೆಯಲ್ಲಿ ಅದೇನು ಸಣ್ಣ ಮಾತಲ್ಲ. ತಿಮ್ಮಾಪುರದ ನಾಯಿ ತಳಿ ಕೇಂದ್ರದಿಂದ ಮರಿ ಒಯ್ಯಲು ದೂರದೂರದವರು ಬರುತ್ತಾರೆ. ಇಲ್ಲಿ ಮಾಸ್ತರರ ಮನೆಯಲ್ಲೂ ಮುಧೋಳ ನಾಯಿ, ಕುರಿ ಹಟ್ಟಿಯಲ್ಲೂ ಮುಧೋಳ ನಾಯಿ. ಜೋಳದ ದಂಟಿನಂಥ ಕಾಲು. ಓಡಲಿಕ್ಕೇ ಹುಟ್ಟಿದ್ದು, ಓಡುವಾಗಲೇ ಮುರಿಯುವುದು.

ಇನ್ನೊಂದು ಕೆಲಸವನ್ನೂ ಸಿದ್ದಕ್ಕ ತಪ್ಪದೆ ಮಾಡುತ್ತಿದ್ದಳು. ಡಾಕ್ಟರು ಪ್ಲಾಸ್ಟರ್ ಹಾಕಿ ಕಳಿಸಿದ ಪ್ರತಿಯೊಬ್ಬರನ್ನೂ ಬಾಗಿಲಲ್ಲಿ ತಡೆದು ಹೇಳುವಳು: “ದಿನಾ ಬೆರಳ ಮುಟ್ಟಿ ನೋಡ್ರಿ. ತಣ್ಣಗಾದ್ರ, ಬಾತರ, ನಾಯಿ ಕಟ್ಟ ಕಡ್ಯಾಕ ಹತ್ತಿದ್ರ, ಹೊತ್ತು ಗೊತ್ತು ನೋಡಬ್ಯಾಡ್ರಿ. ಓಡಿ ಬರ್ರಿ.” ಸಾವಿರ ಸಲ ಹೇಳಿರಬಹುದು.

ಜನವರಿಯಲ್ಲಿ ತಮ್ಮ ಪರಮೇಶ ಬಂದ. ಹೆಗಲ ಮೇಲೆ ಕಂಬಳಿಯ ಗಂಟು, ಗಂಟಿನೊಳಗೆ ಚಿಗರಿ.

ಚಿಗರಿ ಅವನ ಹಿಂಡಿನ ನಾಯಿ, ಮೂರು ವರ್ಷದ ಹೆಣ್ಣು, ತಿಳಿಗೆಂಪು ಬಣ್ಣ. ಬೀಳಗಿ ಕಡೆಯ ಗುಡ್ಡದ ತೋಳಗಳಿಗೆ ಅದರ ಗುರುತಿತ್ತು. ನೂರಿಪ್ಪತ್ತು ಕುರಿಯ ಹಿಂಡು, ಅರ್ಧಕ್ಕಿಂತ ಹೆಚ್ಚು ಬೇರೆಯವರಿಂದ ಪಾಲಿಗೆ ಪಡೆದವು. ಕಬ್ಬಿನ ಹಂಗಾಮು. ಎರಡು ಟ್ರಾಲಿ ಬೆನ್ನಿಗೆ ಕಟ್ಟಿಕೊಂಡು, ಎದೆ ನಡುಗುವ ಹಾಗೆ ಹಾಡು ಹಚ್ಚಿಕೊಂಡು ಬಂದ ಟ್ರ್ಯಾಕ್ಟರು ಹಿಂಡಿನ ಮುಂದಿದ್ದ ಚಿಗರಿಗೆ ಹೊಡೆದು ನಿಲ್ಲದೆ ಹೋಯಿತು. ಹಾಡು ನಿಲ್ಲಿಸಿದ್ದರೆ ಡ್ರೈವರನಿಗೆ ನಾಯಿ ಕೂಗಿದ್ದಾದರೂ ಕೇಳುತ್ತಿತ್ತು.

“ಅಕ್ಕಾ, ನೋಡಬೇ ಇದನ್ನ” ಎಂದ ಪರಮೇಶ. ಅಷ್ಟೇ ಹೇಳಿದ.

ಬಲ ಮುಂಗಾಲು ಮೊಣಕೈ ಕೆಳಗೆ ಜೋತಾಡುತ್ತಿತ್ತು. ಚರ್ಮ ಹರಿದಿರಲಿಲ್ಲ. ಸಂಧ್ಯಾ ಬೆರಳಿಟ್ಟು ನೋಡಿದರು.

“ಎರಡೂ ಎಲಬ ಮುರದಾವ. ಸ್ಟೀಲ ಪಟ್ಟಿ ಹಾಕಿಸಲೇಬೇಕ. ಬೆಳಗಾವ್ಯಾಗ ನನ್ನ ಗೆಳತಿ ಅದಾಳ, ಫೋನ್ ಮಾಡ್ತೀನಿ. ತನ್ನ ಫೀ ಬಿಡತಾಳ. ಪಟ್ಟಿ, ಸ್ಕ್ರೂ, ಔಷಧ ಸೇರಿ ಹದಿನೆಂಟ ಸಾವಿರ ಆಗತೈತಿ. ವಾರದೊಳಗ ಹೋಗಬೇಕ. ಹಾಕಿಸಿದ್ರ ಮೂರು ತಿಂಗಳಿಗೆ ಓಡತೈತಿ.”

“ಎರಡ ಕುರಿ ಮಾರತೇನ್ರಿ” ಎಂದ ಪರಮೇಶ, ಯೋಚನೆಯನ್ನೇ ಮಾಡದೆ.

ಅಪ್ಪಾಸಾಬ ನಕ್ಕ. “ನಾಯಿ ಸಲುವಾಗಿ ಕುರಿ ಮಾರಾಂವ ನೀನ ಒಬ್ಬ ನೋಡಪಾ.”

“ನಾಯಿ ಇರಲಿಲ್ಲಂದ್ರ ತೋಳಕ್ಕ ಪುಕ್ಕಟ ಹೊಕ್ಕಾವ್ರಿ ಸಾಹೇಬ್ರ.”

ಸಿದ್ದಕ್ಕ ನಡುವೆ ಬಾಯಿ ಹಾಕಿದಳು. “ಗಬ್ಬದ ಕುರಿ ಮಾರಬ್ಯಾಡೋ. ಇನ್ನ ಹದಿನೈದು ದಿವಸಕ್ಕ ಈಯತಾವ. ನನ್ನ ಪಗಾರ ಐತೆಲ್ಲ. ಎರಡ ದಿನ ತಡಿ.”

ಸಂಧ್ಯಾ ತಾತ್ಕಾಲಿಕ ಬಟ್ಟೆಪಟ್ಟಿ ಸುತ್ತಿ, ನೋವಿನ ಮದ್ದು ಕೊಟ್ಟು, ಚೀಟಿ ಬರೆದರು.

ಆಗ ಬಾಕಿ ಹನ್ನೊಂದು ತಿಂಗಳದ್ದು. ಸಿದ್ದಕ್ಕನನ್ನು ಕೆಲಸಕ್ಕಿಟ್ಟ ಏಜೆನ್ಸಿಯ ಕಚೇರಿ ಒಂದು ಗೊಬ್ಬರದ ಅಂಗಡಿಯ ಮಾಳಿಗೆಯಲ್ಲಿ. ಕಂಪ್ಯೂಟರ್ ಮುಂದೆ ಸುಭಾಷ್ ಎಂಬ ಸೂಪರ್‌ವೈಸರ್ ಕೂತಿದ್ದ.

“ಬಿಲ್ ಮ್ಯಾಲ ಹೋಗೇತ್ರಿ, ಅವ್ವಾರ.”

“ಮ್ಯಾಲ ಅಂದ್ರ ಎಲ್ಲಿ? ಈ ಮಾಳಗಿ ಮ್ಯಾಲೋ, ಮುಗಲ ಮ್ಯಾಲೋ?”

“ಸರಕಾರದಾಗ್ರಿ. ಅಲ್ಲಿಂದ ರೊಕ್ಕ ಬಿಟ್ಟ ಕೂಡಲೇ ನಿಮ್ಮ ಖಾತೇಕ ಬರತೈತಿ.”

“ನನಗ ಹನ್ನೊಂದೂ ಬ್ಯಾಡ. ಎರಡ ತಿಂಗಳದ್ದ ಕೊಡ್ರಿ. ಒಂದ ನಾಯಿ ಕಾಲಿನ ಸಲುವಾಗಿ ಕೇಳಾಕತ್ತೇನಿ.”

ಸುಭಾಷ್ ಆಕೆಯ ಮುಖ ನೋಡಿದ. ಅವನೂ ಕೆಟ್ಟವನಲ್ಲ. “ನನ್ನ ಪಗಾರನ ನಾಕ ತಿಂಗಳದಿಂದ ಆಗಿಲ್ಲರಿ ಅವ್ವಾರ. ಯಾರಿಗೆ ಹೇಳ್ಲಿ?” ಎಂದ. ಕೆಳಗಿನ ಅಂಗಡಿಯಲ್ಲಿ ಯೂರಿಯಾ ಚೀಲ ಇಳಿಸುತ್ತಿದ್ದರು. ಸಿದ್ದಕ್ಕ ಆ ಚೀಲಗಳ ನಡುವೆ ಹಾಯ್ದು ಮನೆಗೆ ಬಂದಳು. ಮರುದಿನ ಮತ್ತೆ ಹೋದಳು. ಬಾಗಿಲಿಗೆ ಕೀಲಿ ಇತ್ತು.

ಮೂರನೆಯ ದಿನ ಪರಮೇಶ ಬಂದ. ಕೃಷ್ಣೆಯ ಆಚೆ ದಂಡೆಯ ರೈತನೊಬ್ಬ ಗೊಬ್ಬರಕ್ಕಾಗಿ ತನ್ನ ಹೊಲದಲ್ಲಿ ಹಿಂಡು ನಿಲ್ಲಿಸಲು ಮುಂಗಡ ಕೊಟ್ಟಿದ್ದ. ಹಿಂಡು ಮರುದಿನ ಹೊರಡಲೇಬೇಕು.

“ಅಕ್ಕಾ, ಕುರಿ ಸಂತಿಗೆ ಹೊಡೀಲೇನ? ಇವತ್ತ ಹೋದ್ರ ಇವತ್ತ ಬರತೇನಿ.”

ಇಲ್ಲಿ ‘ಹೊಡಿ’ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಎರಡು ದಿನ ಮಾಳಿಗೆ ಹತ್ತಿ ಇಳಿದ ಸಿಟ್ಟು ಸಿದ್ದಕ್ಕನಿಗೆ ಆರಿರಲಿಲ್ಲ. ತಮ್ಮನ ಮುಂದೆ ಪಗಾರದ ಮಾತಾಡಿ ಬರಿಗೈಯಲ್ಲಿ ನಿಂತ ನಾಚಿಕೆಯೂ ಇತ್ತು. ತನ್ನದೆಂದು ಕೊಡಲು ಉಳಿದದ್ದು ಕೈಯೊಂದೇ.

“ಬ್ಯಾಡ” ಎಂದಳು. “ನಾ ಕಟ್ಟತೇನಿ.”

ಪರಮೇಶನ ಮುಖ ಅರಳಿತು. “ಇದನ್ನ ಮೊದಲ ಅನಬೇಕಿಲ್ಲೇನಬೇ? ನೀ ಕಟ್ಟಿದ ಮ್ಯಾಲ ಬೆಳಗಾವಿ ಯಾಕ?”

ಖೋಲಿಯಲ್ಲಿ ಕೂತು ಕಟ್ಟಿದಳು. ಡಾಕ್ಟರು ಸುತ್ತಿದ ಬಟ್ಟೆಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟಳು. ತತ್ತಿ ಒಡೆದಳು. ಹಿಟ್ಟು ಕಲಸಿದಳು. ಟ್ರಂಕಿನ ತಳದಿಂದ ಅಪ್ಪ ಸಾತಪ್ಪ ಹೊಸೆದಿಟ್ಟಿದ್ದ ಕರಿ ಉಣ್ಣೆಯ ಉಂಡೆ ತೆಗೆದಳು. ಬೇರೆಯವರ ಕುರಿಗೆ ಹೊಸ ಹುರಿ ಹೊಸೆಯುತ್ತಿದ್ದಳು. ಮನೆಯ ನಾಯಿಗೆಂದು ಅಪ್ಪನದನ್ನೇ ತೆಗೆದಳು. ಚಿಗರಿಯನ್ನು ಯಾರೂ ಹಿಡಿಯಬೇಕಾಗಲಿಲ್ಲ. ಎಲುಬು ಸೇರಿಸುವಾಗ ಒಮ್ಮೆ ಕುಂಯ್ ಎಂದು, ಸಿದ್ದಕ್ಕನ ಮುಂಗೈ ನೆಕ್ಕಿ ಸುಮ್ಮನಾಯಿತು. ದಬ್ಬೆ ಸರಿಯಾಗಿ ಕೂತವು. ಹುರಿ ಒಂದರ ಪಕ್ಕ ಒಂದು, ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ ಬಂತು. ಹನ್ನೊಂದು ವರ್ಷದಲ್ಲಿ ಅಷ್ಟು ಚೆಂದದ ಕಟ್ಟು ಅವಳು ಕಟ್ಟಿರಲಿಲ್ಲ.

“ಏನರ ನೋಡಕೋಬೇಕೇನ ಅಕ್ಕಾ?” ಎಂದು ಪರಮೇಶ ಕೇಳಿದ.

ಬೆರಳಿನ ಮಾತು ನಾಲಿಗೆಯ ತುದಿಗೆ ಬಂತು. ಬಾಗಿಲಲ್ಲಿ ನಿಂತು ಸಾವಿರ ಜನಕ್ಕೆ ಹೇಳಿದ ಮಾತು. ಆದರೆ ಆ ಸಾವಿರವೂ ಡಾಕ್ಟರ ಕಟ್ಟು. ತನ್ನ ಕಟ್ಟಿಗೆ ಆ ಮಾತನ್ನು ಅವಳು ಒಮ್ಮೆಯೂ ಹೇಳಿರಲಿಲ್ಲ. ಹೇಳಿದರೆ ತನ್ನ ಕೈಯನ್ನು ತಾನೇ ಸಂಶಯಪಟ್ಟಂತೆ, ಅಪ್ಪನ ಕೈಯನ್ನೂ.

“ಮೂರನೇ ಐತವಾರ ತನಕಾ ಮುಟ್ಟಬ್ಯಾಡ” ಎಂದಳು.

ಹಿಂಡು ಹೊರಟಿತು. ಸಾಮಾನು ಹೊರುವ ತಟ್ಟು ಕುದುರೆಯ ಬೆನ್ನ ಮೇಲೆ, ಪಾತ್ರೆ-ಕಂಬಳಿಗಳ ನಡುವೆ, ಚಿಗರಿ. ಚಿಕ್ಕಪಡಸಲಗಿಯ ಬ್ಯಾರೇಜು ದಾಟುವ ಮೊದಲು ಕುರಿಗಳನ್ನು ನೀರಿಗೆ ಬಿಟ್ಟರು. ಕುರಿ ನೀರಿಗಿಳಿದರೆ ಮುಂದೆ ತಾನಿರಬೇಕು ಎಂಬುದು ಚಿಗರಿಯ ರೂಢಿ. ತಟ್ಟುವಿನ ಮೇಲಿಂದ ಜಿಗಿದು, ಮೂರು ಕಾಲಲ್ಲಿ ಕುಪ್ಪಳಿಸಿ, ಹೊಟ್ಟೆಮಟ್ಟ ನೀರಲ್ಲಿ ನಿಂತಿತು. ಪರಮೇಶ ಬಯ್ಯುತ್ತ ಎತ್ತಿ ತಂದು ಬಿಸಿಲಲ್ಲಿ ಮಲಗಿಸಿದ.

ಉಣ್ಣೆ ನೆನೆದು ಒಣಗಿದರೆ ಏನಾಗುತ್ತದೆ ಎಂದು ಕಂಬಳಿ ನೇಯುವ ಮನೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸೇದಿಕೊಳ್ಳುತ್ತದೆ. ಕುರಿಯ ಕಾಲಲ್ಲಾದರೆ ಆ ಸೆಳೆತವನ್ನು ಅದರ ಮೈ ಉಣ್ಣೆ ನುಂಗುತ್ತಿತ್ತು.

ಐದನೆಯ ದಿನ ಪರಮೇಶ ಫೋನ್ ಮಾಡಿದ. “ಅಕ್ಕಾ, ಕಟ್ಟ ಕಡ್ಯಾಕತ್ತೇತಿ. ಅನ್ನ ಮುಟ್ಟವಲ್ದು.”

ಸಿದ್ದಕ್ಕ ಪೊರಕೆ ಹಿಡಿದು ಪಡಸಾಲೆಯಲ್ಲಿ ನಿಂತಿದ್ದಳು. ನಾಯಿ ಕಟ್ಟು ಕಡಿಯತೊಡಗಿದರೆ ಏನು ಮಾಡಬೇಕು ಎಂದು ಚೆನ್ನಾಗಿ ಬಲ್ಲವರು ಆ ಊರಲ್ಲಿ ಇಬ್ಬರೇ, ಅವಳು ಮತ್ತು ಒಳಗೆ ಕೂತಿದ್ದ ಡಾಕ್ಟರು. ಒಳಗಿನ ಬಾಗಿಲು ಹತ್ತು ಹೆಜ್ಜೆ.

“ಬೇವಿನೆಣ್ಣಿ ಸವರು. ಕಹಿ ಆದ್ರ ಕಡಿಯೂದ ಬಿಡತೈತಿ” ಎಂದಳು.

ಎಂಟನೆಯ ದಿನ ಕಟ್ಟಿನ ಹತ್ತಿರ ನೊಣ. ಒಂಬತ್ತನೆಯ ದಿನ ವಾಸನೆ. ಆಗಲೂ ಪರಮೇಶ ಹುರಿಗೆ ಕೈ ಹಚ್ಚಲಿಲ್ಲ. ಅಕ್ಕನ ಕಟ್ಟು, ಬೀರಪ್ಪನ ಕಟ್ಟಳೆ, ಇನ್ನೂ ಎರಡನೆಯ ಐತವಾರವೂ ದಾಟಿರಲಿಲ್ಲ. ಹತ್ತನೆಯ ದಿನ ಮೇವಿನ ಟೆಂಪೊದಲ್ಲಿ ಹಾಕಿಕೊಂಡು ಬಂದ.

ಸಂಧ್ಯಾ ಕತ್ತರಿಯಿಂದ ಹುರಿ ಕತ್ತರಿಸಿದರು. ಹುರಿ ಮಾಂಸದೊಳಗೆ ಇಳಿದಿತ್ತು, ಒಂದೊಂದೇ ಸುತ್ತು ಬಿಡಿಸಿ ತೆಗೆಯಬೇಕಾಯಿತು. ಕೆಳಗಿನ ಕಾಲು ಕಪ್ಪಾಗಿ, ಒಣಗಿದ ಬದನೆಕಾಯಿಯಂತಾಗಿತ್ತು.

“ಯಾರ ಕಟ್ಟಿದ್ದು?”

ಪರಮೇಶ ನೆಲ ನೋಡಿದ. ಅಪ್ಪಾಸಾಬ ಕಿಟಕಿ ನೋಡಿದ.

“ನಾನರಿ” ಎಂದಳು ಸಿದ್ದಕ್ಕ.

“ನಾ ಬಂದ ವರ್ಷ ಏನ ಹೇಳಿದ್ದೆ?”

“ಮುಧೋಳ ನಾಯಿ ಮುಂಗಾಲ ಮುಟ್ಟಬ್ಯಾಡ ಅಂದಿದ್ರಿ.”

“ಮತ್ತ?”

“ಮುಟ್ಟಿದ್ನಿರಿ.”

ಸಂಧ್ಯಾ ಬಯ್ಯಲಿಲ್ಲ. ಕೈಗವಸು ಬದಲಿಸಿದರು. “ಭುಜದ ಹತ್ತಿರ ತಗೀಬೇಕ. ಇಲ್ಲಂದ್ರ ನಂಜ ಏರಿ ಎರಡ ದಿನಕ್ಕ ಸಾಯತೈತಿ. ನೀ ಹೊರಗ ಕೂಡ, ಅಪ್ಪಾಸಾಬ ಹಿಡೀತಾರ.”

“ಅವರಿಗೆ ಹಿಡ್ಯಾಕ ಬರೂದಿಲ್ಲರಿ ಬಾಯಾರ.”

ಎಡಗೈ ಕುತ್ತಿಗೆಗೆ ಬಳಸಿ, ಬಲಗೈ ಹೊಟ್ಟೆಯ ಕೆಳಗಿಂದ ದಾಟಿಸಿದಳು. ಆ ದಿನ ಆಚೆಯ ಮುಂಗಾಲು ಒಂದೇ ಹಿಡಿಯಲಿಕ್ಕಿತ್ತು. ಮತ್ತಿನ ಇಂಜೆಕ್ಷನ್ ಏರುವ ತನಕ ಚಿಗರಿ ಆಕೆಯ ಗದ್ದದ ಕೆಳಗೆ ನಡುಗುತ್ತಿತ್ತು. ಸಿದ್ದಕ್ಕನ ಬಾಯಲ್ಲಿ ಬೈಗುಳ ಬರಲಿಲ್ಲ. ಮತ್ತು ಏರಿದ ಮೇಲೂ ಹಿಡಿದ ಕೈ ಬಿಡಲಿಲ್ಲ. ಐವತ್ತು ನಿಮಿಷ. ಕೂದಲು ಬೋಳಿಸಿದರು, ರಕ್ತನಾಳ ಕಟ್ಟಿದರು, ಸ್ನಾಯು ಬಿಡಿಸಿದರು, ಕೊನೆಗೆ ಎಲುಬು. ಎಲುಬು ಕೂಡಿಸಲು ಯಂತ್ರ ಬೇಕು, ಪಟ್ಟಿ ಬೇಕು, ಡ್ರಿಲ್ ಬೇಕು, ಮಂಜೂರಾತಿ ಬೇಕು. ಕಡಿಯಲು ಒಂದು ತಂತಿಗರಗಸ ಸಾಕು, ಅದು ಆ ದವಾಖಾನೆಯಲ್ಲಿ ಇದೆ.

ಕಾಲನ್ನು ಬಕೆಟ್‌ನಲ್ಲಿ ಹಾಕಿದರು. ಅದನ್ನು ಹೊರಗೊಯ್ದು ಸುಣ್ಣ ಹಾಕಿ ಹುಗಿಯುವುದು ಸ್ವಚ್ಛತಾ ಸಿಬ್ಬಂದಿಯ ಕೆಲಸ. ಇದು ಮಾತ್ರ ಕಾಗದದಲ್ಲಿ ಬರೆದಿದೆ. ಸಿದ್ದಕ್ಕ ಕಾಂಪೌಂಡಿನ ಮೂಲೆಯಲ್ಲಿ ಮೊಣಕಾಲುದ್ದ ತಗ್ಗು ತೋಡಿ ಹುಗಿದಳು. ಉಳಿದಿದ್ದ ಉಣ್ಣೆಯ ಉಂಡೆಯನ್ನು ಸಂಜೆ ಒಲೆಗೆ ಹಾಕಿದಳು. ಉಣ್ಣೆ ಭಗ್ಗನೆ ಉರಿಯುವುದಿಲ್ಲ, ಮುದುಡಿ ಕರಕಾಗಿ ನಾರುತ್ತದೆ. ಆ ನಾತ ಖೋಲಿಯಿಂದ ಹೋಗಲು ನಾಲ್ಕು ದಿನ ಹಿಡಿಯಿತು.

ಮೂರನೆಯ ಐತವಾರ ದಾಟಿದ ಮರುದಿನ ಪರಮೇಶ ಬಂದ. ಚೀಲದಿಂದ ಒಂದು ತೆಂಗಿನಕಾಯಿ ತೆಗೆದ.

“ಇದನ್ಯಾಕ ತಂದಿ?”

“ಕಟ್ಟಳಿ ಐತೆಲ್ಲ.”

“ಕಾಲ ಹೋತಲ್ಲೋ.”

“ಜೀವ ಉಳೀತಲ್ಲ.”

“ಅದನ್ನ ಉಳಿಸಿದಾಕಿ ನಾ ಅಲ್ಲ.”

ಪರಮೇಶ ಕಾಯಿಯನ್ನು ಎಕ್ಸ್‌ರೇ ಪೆಟ್ಟಿಗೆಯ ಮೇಲಿಟ್ಟ. ಚಿಗರಿ ಬೇವಿನ ಗಿಡದ ಕೆಳಗಿತ್ತು. ಅವನನ್ನು ಕಂಡು ಎದ್ದಿತು, ಇಲ್ಲದ ಕಾಲನ್ನು ಮುಂದಿಟ್ಟಿತು, ಮೂತಿ ನೆಲಕ್ಕೆ ಬಡಿಯಿತು, ಮತ್ತೆ ಎದ್ದಿತು. ಪರಮೇಶ ಅದರ ಕಿವಿ ತಿಕ್ಕಿದ.

“ಮೊನ್ನೆ ಮೂರ ಮರಿ ತೋಳ ಒಯ್ತು” ಎಂದ, ದಾರಿಯಲ್ಲಿ ಮಳೆಯಾಯಿತು ಎಂದು ಹೇಳುವ ಹಾಗೆ. “ಹಿಂಡಿನ ಸಂಗಾಟ ಇದಕ್ಕ ಓಡಾಕ ಆಗೂದಿಲ್ಲ. ನಿನ್ನ ಹಂತ್ಯಾಕ ಇರಲಿ.”

“ಬೈಯೋ ಪರಮ್ಯಾ. ಒಮ್ಮಿ ಬಾಯಿ ತುಂಬ ಬೈದ ಹೋಗ.”

“ಏನಂತ ಬೈಲಿಬೇ? ನಾನ ಕೇಳಿದ್ದೆ, ಏನರ ನೋಡಕೋಬೇಕೇನ ಅಂತ.”

ಇಷ್ಟು ಹೇಳಿ ಹೋದ. ಬೈದಿದ್ದರೆ ಚೆನ್ನಾಗಿತ್ತು. ಆ ತೆಂಗಿನಕಾಯಿಯನ್ನು ಸಿದ್ದಕ್ಕ ಒಡೆಯಲಿಲ್ಲ, ಎಸೆಯಲಿಲ್ಲ. ಅಪ್ಪಾಸಾಬ ಈಗ ಅದನ್ನು ಒಂದು ಕಡೆ ಸರಿಸಿ ರೊಟ್ಟಿ ತಿನ್ನುತ್ತಾನೆ. ಒಳಗಿನ ನೀರು ಒಣಗಿದೆ. ಅಲುಗಿಸಿದರೆ ಕೊಬ್ಬರಿ ಗಡಗಡ ಎನ್ನುತ್ತದೆ.

ಸಿದ್ದಕ್ಕ ಕಟ್ಟುವುದನ್ನು ಬಿಟ್ಟಳು. ಬಿಟ್ಟದ್ದನ್ನು ಊರು ಒಪ್ಪಲಿಲ್ಲ. ಕಳೆದ ತಿಂಗಳು ಹೈಸ್ಕೂಲ್ ಮಾಸ್ತರ ಬಾಳೇಶ ಕಾರಿನಲ್ಲಿ ಮುಧೋಳ ಮರಿಯೊಂದನ್ನು ತಂದ. ಐದು ತಿಂಗಳ ಮರಿ, ಗೇಟಿನ ಸಂದಿಯಲ್ಲಿ ಸಿಕ್ಕು ಮುಂಗಾಲು 'ಲಟಕ್' ಎಂದಿತ್ತು. ಡಾಕ್ಟರ ಚೀಟಿ ಕೈಯಲ್ಲೇ ಇತ್ತು. ಆದರೂ ಹಿಂಬಾಗಿಲಿಗೆ ಬಂದ.

“ಸಿದ್ದಕ್ಕಾ, ನೀವ ಒಂದೀಟ ಕಟ್ಟಿಬಿಡ್ರಿ. ಬೆಳಗಾವಿಗೆ ಯಾರ ಹೊಕ್ಕಾರ ಈ ಬಿಸಲಾಗ?”

“ಕಟ್ಟೂದಿಲ್ರಿ ಸರ.”

“ಐನೂರು ಕೊಡತೇನ್ರಿ. ಸಾವಿರ ತಗೋರಿ.”

ಸಿದ್ದಕ್ಕ ಬೇವಿನ ಗಿಡದ ಕಡೆ ಕೈ ಮಾಡಿದಳು. “ಆ ನಾಯಿ ಕಾಲ ಕಟ್ಟಿದಾಕಿ ನಾನರಿ.”

ಮಾಸ್ತರ ನೋಡಿದ. ಚಿಗರಿಯೂ ಅವನನ್ನು ನೋಡಿತು.

“ಸಾವಿರ ನನಗ ಬ್ಯಾಡ” ಎಂದಳು ಸಿದ್ದಕ್ಕ. “ಪಡಸಾಲ್ಯಾಗ ಒಂದ ಪೆಟಿಗಿ ಐತಿ. ಮೂರ ವರ್ಷಾತು. ಅದನ್ನ ಬಿಚ್ಚಸ್ರಿ. ನೀವ ಸಾಲಿ ಮಾಸ್ತರ್ರು, ಅರ್ಜಿ ಬರ್ಯಾಕ ಬರತೈತಿ. ನನಗ ಬರೂದಿಲ್ಲ. ಅದು ಬಿಚ್ಚಿದ್ರ ಡಾಕ್ಟರಬಾಯಾರ ಇಲ್ಲೇ ಪಟ್ಟಿ ಹಾಕತಾರ. ನಾ ಹಿಡೀತೇನಿ.”

“ಅದೆಲ್ಲಾ ನಮ್ಮ ಕೈಯಾಗ ಎಲ್ಲೈತ್ರಿ, ಸಿದ್ದಕ್ಕಾ” ಎಂದು ಮಾಸ್ತರ ಗಡಿಯಾರ ನೋಡಿಕೊಂಡ.

ಅವನಿಗೆ ಕಾರಿತ್ತು, ಬೆಳಗಾವಿಗೆ ಹೋದ. ಮರಿ ಈಗ ನಡೆಯುತ್ತದೆ. ನಮ್ಮ ಮುಧೋಳದ ಹೆಮ್ಮೆ ಎಂದು ಬರೆದು ಅದರ ಫೋಟೊವನ್ನು ಮೊಬೈಲಿನಲ್ಲಿ ಹಾಕಿದ್ದಾನೆ. ಇನ್ನೂರ ಹದಿನಾರು ಜನ ಮೆಚ್ಚಿದ್ದಾರೆ. ಪೆಟ್ಟಿಗೆಯ ಮೊಳೆ ಇದ್ದಲ್ಲೇ ಇದೆ.

ಸಿದ್ದಕ್ಕನ ತಪ್ಪು ಸಿದ್ದಕ್ಕನದೇ. ಅವಳೇನೂ ಅದನ್ನು ಬೇರೆಯವರ ತಲೆಗೆ ಕಟ್ಟುವವಳಲ್ಲ. ದಿನವೂ ಬೆಳಿಗ್ಗೆ ಆ ಮೂರು ಕಾಲಿನ ನಾಯಿಗೆ ರೊಟ್ಟಿ ಮುರಿದು ಹಾಕುವಾಗ ತನ್ನ ಪಾಲನ್ನು ತಾನೇ ತೀರಿಸುತ್ತಿದ್ದಾಳೆ. ಉಳಿದವರು ತಮ್ಮ ಪಾಲನ್ನು ಯಾವಾಗ ತೀರಿಸುವುದು? ಚಿಕ್ಕಪಡಸಲಗಿಯಲ್ಲಿ ಯಾರ ಮಂಜೂರಾತಿಗೂ ಕಾಯದೆ ಹೊಳೆಗೇ ಅಡ್ಡಲಾಗಿ ಬ್ಯಾರೇಜು ಕಟ್ಟಿಕೊಂಡವರು ಈ ಸೀಮೆಯ ರೈತರು. ಅದೇ ಸೀಮೆಯಲ್ಲಿ ಒಂದು ಪೆಟ್ಟಿಗೆಯ ಎಂಟು ಮೊಳೆ ಕೀಳುವವರು ಇಲ್ಲವೇ?

ಇದನ್ನು ಓದಿದ ನಿಮಗೇ ಹೇಳುತ್ತಿರುವುದು. ಮನೆಯಲ್ಲಿ ನಾಯಿ ಇರಲಿ, ಇಲ್ಲದಿರಲಿ, ಬರುವ ಸೋಮವಾರ ನಿಮ್ಮ ಊರಿನ ದನದ ದವಾಖಾನೆಗೆ ಹೋಗಿ. ಎಕ್ಸ್‌ರೇ ಯಂತ್ರ ಎಲ್ಲಿದೆ ಎಂದು ಕೇಳಿ. ಇದ್ದರೆ ಬಿಚ್ಚಿ ತೋರಿಸಲು ಹೇಳಿ, ಇಲ್ಲದಿದ್ದರೆ ಯಾಕಿಲ್ಲ ಎಂದು ಬರೆದುಕೊಡಲು ಹೇಳಿ. ಅಲ್ಲಿ ನಾಯಿ ಹಿಡಿಯುವ ಹೆಂಗಸಿಗೆ ಎಷ್ಟು ತಿಂಗಳ ಪಗಾರ ಬಂದಿಲ್ಲ ಎಂದು ಆಕೆಯ ಎದುರಿಗೇ ಕೇಳಿ. ಎರಡಕ್ಕೂ ಸಹಿ ಹಾಕಿದ ಉತ್ತರ ಕೈಗೆ ಬರುವ ತನಕ ಆ ಮೆಟ್ಟಿಲು ಬಿಟ್ಟು ಏಳಬೇಡಿ.